ಕಡ್ಡಿಗೆ ಹತ್ತದ ಆಯಿಲ್

ಇಗ್ಲುಲಿಕ್, ಜೂನ್ ೧೪. ರಾತ್ರಿ ಹನ್ನೊಂದು, ಧ್ರುವದ ಬೇಸಿಗೆ, ಹೊರಗೆ ಇನ್ನೂ ಬಿಸಿಲು.

ಎರಡು ಸಲ ಸೋಪು ಹಾಕಿದರೂ ಕೈಯಿಂದ ಆಯಿಲ್ ವಾಸನೆ ಹೋಗುತ್ತಿಲ್ಲ.

ನವೆಂಬರಿನಲ್ಲಿ ಕಡಲ ಮಂಜುಗಡ್ಡೆ ಒಡೆದು ನಮ್ಮ ಯಜಮಾನರು ನೀರುಪಾಲಾದ ಮೇಲೆ, ಅವರ ನಾಲ್ಕು ಗಾಲಿಯ ಗಾಡಿಯನ್ನು ಯಾರೂ ಮುಟ್ಟಿರಲಿಲ್ಲ. ಇವತ್ತು ಹೊದಿಕೆ ತೆಗೆದು ಅಳತೆಕಡ್ಡಿ ಎಳೆದರೆ, ಒಂದು ಹನಿಯೂ ಹತ್ತಿರಲಿಲ್ಲ. ಹೊಸ ಆಯಿಲ್ ಡಬ್ಬಿ ಒಡೆದು ಸುರಿಯತೊಡಗಿದೆ.

ಪಕ್ಕದ ಮನೆಯ ಸಿಯಾಸಿ ಬೆನ್ನಿಗೆ ಕೂಸು ಹೊತ್ತು ಓಡಿಬಂದಳು.

“ಅಯ್ಯೋ, ಸಾಕು ನಿಲ್ಸಿ! ಕಡ್ಡಿ ಇರೋದು ಬೇರೆ ಟ್ಯಾಂಕಲ್ಲಿ, ಗಾಡಿ ನಿಂತೇ ಇದ್ರೆ ಅದರ ಆಯಿಲೆಲ್ಲ ಎಂಜಿನ್ ತಳಕ್ಕೆ ಇಳಿದಿರುತ್ತೆ. ಮೊದ್ಲು ಸ್ಟಾರ್ಟ್ ಮಾಡ್ಬೇಕು, ಆಮೇಲೆ ಕಡ್ಡಿ. ಬೇಕಾದ್ರೆ ನಿಮ್ಮ ಯಜಮಾನ್ರನ್ನೇ ಕೇಳಿ!” ಎಂದು ಬೆನ್ನು ನನ್ನ ಕಡೆ ತಿರುಗಿಸಿದಳು.

ಜನವರಿಯಲ್ಲಿ ಹುಟ್ಟಿದ ಹೆಣ್ಣುಕೂಸು. ಅವರ ಹೆಸರನ್ನೇ ಇಟ್ಟಿದ್ದಾರೆ, ಕೌನಾಕ್. ಸತ್ತವರ ಹೆಸರು ಹೊತ್ತ ಕೂಸೆಂದರೆ ನಮ್ಮಲ್ಲಿ ಅವರೇ ಮರಳಿ ಬಂದ ಹಾಗೆ. ನಮ್ಮತ್ತೆ ಅದನ್ನು “ಮಗನೇ” ಎಂದೇ ಮುದ್ದಾಡುತ್ತಾರೆ. ಅದನ್ನು ಗಂಡನೆಂದು ಕರೆಯಲು ನನಗೆ ಮಾತ್ರ ನಾಲಗೆ ಏಳಲಿಲ್ಲ. ಐದು ತಿಂಗಳು ಬರೀ “ಕೂಸು” ಎಂದೆ. ಸಿಯಾಸಿಗೆ ನೋವಾಗಿರಬೇಕು, ಒಂದು ದಿನವೂ ಆಡಿ ತೋರಿಸಲಿಲ್ಲ.

ಎಂಜಿನ್ ಕೆಮ್ಮಿತು, ಆಮೇಲೆ ಹತ್ತಿಕೊಂಡಿತು. ಐದು ನಿಮಿಷ ಬಿಟ್ಟು ಆರಿಸಿ ಕಡ್ಡಿ ಎಳೆದೆ. ಆಯಿಲ್ ಗೆರೆ ದಾಟಿ ಮೇಲೆ ಬಂದಿತ್ತು.

ಯೋಚಿಸಲೇ ಇಲ್ಲ. ಕಡ್ಡಿಯನ್ನು ಕೂಸಿನ ಮುಖದ ಮುಂದೆ ಹಿಡಿದೆ.

“ರೀ, ಇಷ್ಟೂ ಇಲ್ಲೇ ಇತ್ತು ನೋಡ್ರೀ.”

ಸಿಯಾಸಿ ನನಗೆ ಬೆನ್ನು ಹಾಕಿಯೇ ತೋಳಿನಿಂದ ಕಣ್ಣೊರೆಸಿಕೊಂಡಳು.

ನಾನು ಸುರಿದ ಹೆಚ್ಚಿನ ಆಯಿಲನ್ನು ನಾಳೆ ತೆಗೆಯಬೇಕು. ಬೆಳಿಗ್ಗೆಯೇ ಬೇಡ. ಅವರು ನಿದ್ದೆಯಿಂದ ಎದ್ದು, ಹಾಲು ಕುಡಿದ ಮೇಲೆ.