ಕಿಟಕಿಯ ಕಲೆ

ತನುಜಾ,

ಕುದುರೆಮುಖದ ಪಾಳುಬಿದ್ದ ಗಣಿ ಕ್ವಾರ್ಟರ್ಸಿನ ನಿನ್ನ ಚಿತ್ರಗಳಲ್ಲಿ, ಒಂದು ಕಿಟಕಿಯ ಬಳಿ ಕಪ್ಪು ಕಲೆಯಿತ್ತು. ಯಾರೋ ನಿಂತಿದ್ದಾರೆಂದು ನೀನು ವಾದಿಸಿದೆ. ಕ್ಯಾಮೆರಾದೊಳಗಿನ ಸೆನ್ಸರಿಗೆ ಅಂಟಿದ ದೂಳೆಂದು ನಾನು ಖಂಡಿಸಿದೆ. "ನೀವೇ ಬಂದು ನೋಡಿ, ಅಪ್ಪ" ಎಂದು ನೀನು ಕರೆದೆ. ವಾದ ಹೂಡಿದವರೇ ಸಾಕ್ಷಿ ಒದಗಿಸಬೇಕೆಂದು ನಾನು ಕಾಲೇಜಿನ ಚರ್ಚಾಕೂಟದ ನಿಯಮ ಹೇಳಿದೆ. ಸಾಕ್ಷಿಗೆಂದು ನೀನು ಒಬ್ಬಳೇ ಹೊರಟ ಜೀಪು ತಿರುವಿನಲ್ಲಿ ಉರುಳಿತು. ಕ್ಯಾಮೆರಾ ಮಾತ್ರ ಮನೆಗೆ ಬಂತು.

ನಿನ್ನೆ ಅದನ್ನು ಶುಚಿಗೊಳಿಸಿದೆ. ಕಳಸದ ಸ್ಟುಡಿಯೊ ಲಿಂಗಪ್ಪನವರು ಎದುರಿಗೇ ಕುಳಿತಿದ್ದರು. "ಬಾಯಲ್ಲಿ ಊದ್ಬೇಡಿ ಮಾರಾಯ್ರೆ, ಇದೇನು ಸೌದೆ ಒಲೆಯಾ? ಎಂಜಲು ಹಾರಿದ್ರೆ ಮುಗೀತು!" ಎಂದು ಗದರಿದರು. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ಲೆನ್ಸ್ ಕಳಚಿ, ಒಳಗಿನ ಕನ್ನಡಿಯನ್ನು ಮೇಲೆತ್ತಿಸಿ, ಕ್ಯಾಮೆರಾವನ್ನು ಬಾಯಿ ಕೆಳಗಾಗಿ ಹಿಡಿದು, ರಬ್ಬರ್ ಬ್ಲೋವರಿನಿಂದ ಗಾಳಿ ಹಾಯಿಸಿದೆ. ಬಿಳಿ ಗೋಡೆಯ ಚಿತ್ರ ತೆಗೆದು ಪರೀಕ್ಷಿಸಿದೆವು. ಒಂದು ಚುಕ್ಕೆಯೂ ಇರಲಿಲ್ಲ.

ಇಂದು ಮಧ್ಯಾಹ್ನ ಇಬ್ಬರೂ ಕುದುರೆಮುಖಕ್ಕೆ ಹೋದೆವು. ನೀನು ಅಂದು ನಿಂತಲ್ಲೇ ನಿಂತು ನಾನು ಅದೇ ಕಿಟಕಿಯ ಚಿತ್ರ ತೆಗೆದೆ. ಕಣ್ಣಿಗೆ ಕಿಟಕಿ ಬರಿದಾಗಿತ್ತು. ಚಿತ್ರದಲ್ಲಿ ಕಲೆ ಮೊದಲಿದ್ದಲ್ಲೇ ಇದೆ. ಅದರ ಪಕ್ಕದಲ್ಲಿ, ತುಸು ಗಿಡ್ಡನೆಯದು, ನಿನ್ನಷ್ಟೇ ಎತ್ತರದ್ದು, ಇನ್ನೊಂದಿದೆ.

"ದೂಳು ಇನ್ನೂ ಉಂಟು, ಕೊಡಿ, ಇನ್ನೊಂದ್ಸಲ ಊದ್ತೀನಿ" ಎಂದು ಲಿಂಗಪ್ಪನವರು ಕೈ ಚಾಚಿದರು.

ನಾನು ಕ್ಯಾಮೆರಾ ಕೊಡಲಿಲ್ಲ.