ಇನ್‌ಸ್ಪೆಕ್ಟರಮ್ಮನ ಗಂಟಲ ದಾರ

ಹದಿನೇಳನೇ ತಾರೀಖು, ಬುಧವಾರ

ನನ್ನ ಬಾಯಿಬಡುಕಿ ತಂಗಿಗೆ,

ಹೇಗಿದ್ದೀಯೆ ಎಂದು ಕೇಳುವ ಮುಖ ನನಗಿಲ್ಲ. ನಿನ್ನ ಮೂರು ಪತ್ರಗಳೂ ಹೊಲಿಗೆ ಯಂತ್ರದ ಡ್ರಾಯರಿನಲ್ಲೇ ಕೂತಿವೆ, ಒಂದಕ್ಕೂ ಉತ್ತರ ಬರೆದಿಲ್ಲ. ಬೈಯಬೇಕೆನಿಸಿದರೆ ಮೊದಲು ಬೈದು ಮುಗಿಸು, ಆಮೇಲೆ ಮುಂದಕ್ಕೆ ಓದು. ಫೋನ್ ಮಾಡೋಣವೆಂದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ. ಅದಕ್ಕೇ ಈ ಕಾಗದ.

ಗಾಬರಿಯಾಗಬೇಡ, ಇನ್‌ಸ್ಪೆಕ್ಟರಮ್ಮ ಬದುಕಿದ್ದಾಳೆ. ಅಮ್ಮ ಸಾಕಿದ ಕೋಳಿಗಳಲ್ಲಿ ಉಳಿದಿರುವವಳು ಅವಳೊಬ್ಬಳೇ, ಪ್ರತಿ ಪತ್ರದ ಕೊನೆಗೂ ನೀನು ಕೇಳುವುದು ಅವಳನ್ನೇ. ಅವಳಿಗೇನಾದರೂ ಆದರೆ ನಿನಗೆ ಹೇಗೆ ತಿಳಿಸುವುದೆಂದು ನಿನ್ನೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇರು, ಒಮ್ಮೆ ನೋಡಿ ಬರುತ್ತೇನೆ.

ಹೂಂ, ಉಸಿರಾಡುತ್ತಿದ್ದಾಳೆ. ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿಕೊಂಡಳು.

ನಿನ್ನೆ ಬೆಳಿಗ್ಗೆ ಬ್ಯಾಂಕಿನ ಮೇಡಂ ಕೋಟಿನ ಅಳತೆ ನೋಡಲು ಬಂದಿದ್ದರು. ಕೋಟಿನ ಬೆನ್ನಿಗೆ ಗುಂಡುಸೂಜಿ ಚುಚ್ಚುತ್ತಾ ಕಿಟಕಿಯಿಂದ ಹಿತ್ತಲ ಕಡೆ ನೋಡಿದೆ. ಹೊಸ ಕೋಳಿಗಳೆರಡೂ ಕಾಳಿಗೆ ಜಗಳವಾಡುತ್ತಿದ್ದವು. ಇವಳು ಮಾತ್ರ ಗೋಡೆಯ ಮೂಲೆಯಲ್ಲಿ ಗರಿ ಉಬ್ಬಿಸಿಕೊಂಡು, ಬಾಲ ಇಳಿಬಿಟ್ಟು, ಅರ್ಧ ಕಣ್ಣು ಮುಚ್ಚಿ ನಿಂತಿದ್ದಳು. ಯಾರ ಮನೆಗೆ ಯಾರು ಬಂದರೂ ತಪಾಸಣೆ ಮಾಡುವವಳು, ಅಪರಿಚಿತರ ಚಪ್ಪಲಿ ಸದ್ದಿಗೂ ಕತ್ತು ಎತ್ತಲಿಲ್ಲ. ಆಗಾಗ ಕತ್ತು ಚಾಚಿ ತಿರುಚುತ್ತಿದ್ದಳು, ಅಷ್ಟೇ.

ಸೂಜಿಪೆಟ್ಟಿಗೆ ಬಿಸಾಕಿ ಓಡಿದೆ. ಹಿಡಿಯಲು ಹೋದರೆ ಓಡಲೂ ಇಲ್ಲ. ಕೊರಳ ಬುಡದಲ್ಲಿ ಕಾಳಿನ ಚೀಲ ಇರುತ್ತದಲ್ಲ, ಅಮ್ಮ ದಿನಾ ಬೆಳಿಗ್ಗೆ ಮುಟ್ಟಿ ನೋಡುತ್ತಿದ್ದಳಲ್ಲ, ಬೆಳಿಗ್ಗೆ ಖಾಲಿ ಇರಬೇಕು, ಸಂಜೆ ತುಂಬಿರಬೇಕು ಎಂದು. ಅದು ಕಲ್ಲಿನಷ್ಟು ಗಟ್ಟಿಯಾಗಿತ್ತು. ಪಕ್ಕದ ಮನೆಯ ಪೋಸ್ಟಣ್ಣ ಗೋಡೆಯ ಮೇಲಿಂದ ಇಣುಕಿ, "ಬೆಳ್ಳುಳ್ಳಿ ಜಜ್ಜಿ ಕುಡಿಸಿ, ಸರಿಹೋಗುತ್ತೆ. ಇದಕ್ಕೆಲ್ಲ ಯಾರಾದ್ರೂ ಇಷ್ಟು ಒದ್ದಾಡ್ತಾರಾ?" ಎಂದರು. ಅವರ ಹತ್ತಿರ ಎಲ್ಲಕ್ಕೂ ಬೆಳ್ಳುಳ್ಳಿಯೇ ಮದ್ದು, ನಿನಗೆ ಗೊತ್ತಲ್ಲ.

ಕೊಕ್ಕು ಬಿಡಿಸಿ ನೋಡಿದೆ. ನಾಲಿಗೆಯ ಬುಡಕ್ಕೆ ನೀಲಿ ದಾರ ಸುತ್ತಿಕೊಂಡಿತ್ತು, ಒಂದು ತುದಿ ಒಳಗೆ ಹೋಗಿತ್ತು. ನಮ್ಮದೇ ದಾರ. ಅಮ್ಮ ಇದ್ದಾಗ ಅಂಗಡಿ ಕೋಣೆಯ ಚಿಂದಿ, ದಾರವನ್ನೆಲ್ಲ ಸಂಜೆ ಒಂದೊಂದಾಗಿ ಆರಿಸಿ ಉಂಡೆ ಕಟ್ಟಿಡುತ್ತಿದ್ದಳು. ಈಗ ನಾನು ಪೊರಕೆ ಹಿಡಿದು ಎಲ್ಲವನ್ನೂ ಹಿತ್ತಲಿಗೆ ತಳ್ಳುತ್ತೇನೆ. ಇವಳಿಗೆ ಅದು ಹುಳುವಿನಂತೆ ಕಂಡಿರಬೇಕು.

ನಗಬೇಡ, ಮೂವತ್ತು ವರ್ಷದ ಚಾಳಿ. ದಾರದ ತುದಿ ಕಂಡರೆ ನನ್ನ ಕೈ ಸುಮ್ಮನಿರುತ್ತದೆಯೇ? ಎಳೆದುಬಿಟ್ಟೆ. ಆ ಪಾಪದ ಜೀವ ಕಿರುಚಿದ ಸದ್ದು ಕೇಳಿದ್ದರೆ ನೀನು ನನಗೆ ಎರಡು ಬಾರಿಸುತ್ತಿದ್ದೆ. ಹಿಂದೆಯೇ ಬಂದಿದ್ದ ಬ್ಯಾಂಕಿನ ಮೇಡಂ, "ಅಯ್ಯೋ, ಬಿಡ್ರೀ ಅದನ್ನ! ನಡೀರಿ, ನನ್ನ ಕಾರಿದೆ" ಎಂದು ರೇಗಿದರು. ಬೆನ್ನ ತುಂಬ ಗುಂಡುಸೂಜಿ ಇದ್ದ ಕೋಟಿನಲ್ಲೇ, ಸೀಟಿಗೆ ಒರಗದೆ ನೆಟ್ಟಗೆ ಕೂತು ಕಾರು ಓಡಿಸಿದರು. ಆ ಮಹಾತಾಯಿಗೆ ಕೋಟು ಪುಕ್ಕಟೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಪಶುವೈದ್ಯೆ ಚಿಕ್ಕ ಪ್ರಾಯದ ಹುಡುಗಿ, ಮಾತು ಮಾತ್ರ ಖಡಕ್. "ಎಳೆದ್ರಾ? ಒಳಗಿನ ತುದಿ ಎಲ್ಲಿ ಸಿಕ್ಕಿಹಾಕ್ಕೊಂಡಿರುತ್ತೋ ಏನೋ. ಇನ್ನೊಂಚೂರು ಎಳೆದಿದ್ರೆ ಕರುಳೇ ಕುಯ್ದುಹೋಗ್ತಿತ್ತು," ಎಂದಳು. ಆಮೇಲೆ, "ಯಾವಾಗಿಂದ ಹೀಗಿದೆ?" ಎಂದು ಕೇಳಿದಳು.

"ಇವತ್ತು ಬೆಳಿಗ್ಗೆಯಿಂದ. ಇದ್ದಕ್ಕಿದ್ದ ಹಾಗೆ," ಎಂದೆ.

ಅವಳು ಚೀಲವನ್ನು ಒತ್ತಿ ನೋಡಿದಳು. "ಇಷ್ಟು ಗಟ್ಟಿ ಒಂದೇ ದಿನಕ್ಕೆ ಆಗಲ್ಲ. ಕೋಳಿಗಳು ಕೊನೇವರೆಗೂ ಚೆನ್ನಾಗಿರೋ ಹಾಗೇ ಓಡಾಡ್ತವೆ, ಅದು ನಿಜ. ಆದ್ರೂ ಏನಾದ್ರೂ ಕಂಡಿರುತ್ತೆ. ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ, ನಿಮ್ಮನ್ನ ಬೈಯೋಕಲ್ಲ, ಇದಕ್ಕೆಷ್ಟು ಶಕ್ತಿ ಉಳಿದಿದೆ ಅಂತ ನಂಗೆ ಗೊತ್ತಾಗ್ಬೇಕು."

ನಾನು ಬಾಯಿ ಬಿಟ್ಟೆ. ಭಾನುವಾರ ಸಂಜೆಯೇ ಕಾಳು ಮುಟ್ಟಿರಲಿಲ್ಲ. ನೋಡಿದ್ದೆ. ಶಾಲೆಯ ಸಮವಸ್ತ್ರದ ಗಡಿಬಿಡಿಯಲ್ಲಿ, ನಾಳೆ ನೋಡೋಣ ಎಂದು ಬಾಗಿಲು ಹಾಕಿಕೊಂಡೆ. ಎರಡು ದಿನ ಹೊಟ್ಟೆಗಿಲ್ಲ ಎಂದು ತಿಳಿದ ಮೇಲೆ ಅವಳು ಮೊದಲು ಚರ್ಮದಡಿ ಗ್ಲೂಕೋಸ್ ಕೊಟ್ಟು, ಬೆಚ್ಚಗೆ ಇಟ್ಟು, ಆಮೇಲೆ ಕತ್ತರಿ ಹಿಡಿದಳು. "ನೀವು ಹೇಳದೆ ಇದ್ದಿದ್ರೆ ನೇರ ಕುಯ್ದುಬಿಡ್ತಿದ್ದೆ, ಮೇಜಿನ ಮೇಲೇ ಹೋಗ್ಬಿಡ್ತಿತ್ತು," ಎಂದಳು.

ನಾಲಿಗೆಯ ಕುಣಿಕೆ ಕತ್ತರಿಸಿ, ಚೀಲವನ್ನು ಒಂದಿಂಚು ಬಿಡಿಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ತೆಗೆದಳು. ದಾರ, ಹುಲ್ಲು, ಒಂದು ತುಂಡು ಲೈನಿಂಗ್ ಬಟ್ಟೆ. ಹೊಲಿಗೆ ಹಾಕುವಾಗ ನನ್ನ ಬಾಯಿ ಸುಮ್ಮನಿರಬೇಕಲ್ಲ, "ಮೂರನೇದು ಸ್ವಲ್ಪ ಸೊಟ್ಟ ಆಯ್ತು," ಎಂದೆ. "ಇದು ಫ್ರಾಕಲ್ಲಮ್ಮಾ," ಎಂದಳು.

ಈಗ ಅಂಗಡಿ ಕೋಣೆಯಲ್ಲೇ, ಹಳೆ ಟವೆಲ್ ಹಾಸಿದ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದೇನೆ. ಗಂಟೆಗೊಮ್ಮೆ ಚಮಚದಲ್ಲಿ ನೀರು, ಆಮೇಲೆ ನೆನೆಸಿದ ಬ್ರೆಡ್ ಚೂರು. ನಾಳೆ ಬೆಳಿಗ್ಗೆ ಚೀಲ ಖಾಲಿಯಾಗಿದ್ದರೆ ಗೆದ್ದಂತೆ ಎಂದಿದ್ದಾಳೆ. ಹಿತ್ತಲಿನ ದಾರವನ್ನೆಲ್ಲ ಎರಡು ಸಲ ಆರಿಸಿದ್ದೇನೆ, ಇನ್ನೂ ಸಮಾಧಾನವಿಲ್ಲ, ಈ ಕಾಗದ ಮುಗಿಸಿ ಮತ್ತೆ ಆರಿಸುತ್ತೇನೆ. ಯಂತ್ರವನ್ನು ಇವತ್ತು ಮುಟ್ಟಿಲ್ಲ.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಕೇಳುವವಳಲ್ಲ ನೀನು. ಮಕ್ಕಳಿಗೆ ನನ್ನ ಮುತ್ತು. ನಿನ್ನ ಮನೆ ಯಾವಾಗಲೂ ಗಲಾಟೆಯಿಂದ ತುಂಬಿರಲಿ, ನೀನು ನೂರು ಕಾಲ ಹೀಗೇ ವಟವಟ ಅನ್ನುತ್ತಿರು.

ನಿನ್ನ
ಅಕ್ಕ

ಮತ್ತೆ ಒಂದು ಮಾತು: ಕಾಗದ ಮಡಿಚಿದ್ದೆ, ಮತ್ತೆ ಬಿಚ್ಚಿದೆ. ಮೂರು ಪತ್ರಗಳಲ್ಲೂ ನೀನು ಒಂದೇ ಮಾತು ಬರೆದಿದ್ದೀಯೆ, "ಅಮ್ಮ ಯಾರಿಗೂ ಏನೂ ಹೇಳದೆ ಹೋದಳು, ಅಕ್ಕಾ, ನೀನು ತಾನೇ ಏನು ಮಾಡೋಕಾಗ್ತಿತ್ತು" ಎಂದು. ಅದಕ್ಕೇ ನನಗೆ ಉತ್ತರ ಬರೆಯಲಾಗಲಿಲ್ಲ. ಅಮ್ಮ ಹೇಳಿದ್ದಳು ಕಣೇ. ಆ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಎದೆ ಒಂಥರಾ ಹಿಡ್ಕೊಂಡ ಹಾಗಿದೆ, ಡಾಕ್ಟರ ಹತ್ರ ಹೋಗಿ ಬರೋಣ್ವಾ?" ಎಂದಳು. ನಾನು ಯಂತ್ರದಿಂದ ತಲೆ ಎತ್ತಲಿಲ್ಲ. "ಈ ತೋಳೊಂದು ಮುಗಿಸ್ತೀನಿ, ಇರಮ್ಮ," ಎಂದೆ. ಸರಿ ಎಂದು ಹೋಗಿ ಮಲಗಿಕೊಂಡಳು. ಆ ತೋಳು ಮುಗಿಸಿದೆ. ಆಮೇಲೆ ಇನ್ನೊಂದು ತೋಳನ್ನೂ ಹಚ್ಚಿ ಎದ್ದೆ.