ಚೀನಾ ರಾಣಿಗೆ ಹೊತ್ತ ಹರಕೆ

ಚಂದ್ರಿ,

ಕೆಂಪು ಹುಂಜ ಎಲ್ಲೋಯ್ತು ಅಂತ ಬಗ್ಗಿ ಬಗ್ಗಿ ಹುಡುಕ್ಬ್ಯಾಡ, ಬಸುರಿ ಹೆಂಗ್ಸು ನೀನು. ಮುನೇಶ್ವರನ ಗುಡಿಗೆ ನಾನೇ ತಕ್ಕಂಡೋಗ್ತಾ ಇವ್ನಿ. ನಾವು ನೋಡೋ ಚೀನಾ ಸೀರಿಯಲ್ಲಿನ ಕಿರಿರಾಣಿಗೆ ಸುಸೂತ್ರವಾಗಿ ಹೆರಿಗೆ ಆಗ್ಲಿ ಅಂತ ಹರಕೆ ಹೊತ್ತಿದ್ದೆ. ನಿನ್ನೆ ಗಂಡುಮಗು ಆಯ್ತಲ್ಲ. ದೇವರಿಗೆ ಮಾತು ಕೊಟ್ಟಮ್ಯಾಕೆ ಚೀನಾದೋಳಾದ್ರೇನು, ಡೆಂಕಣಿಕೋಟೆಯೋಳಾದ್ರೇನು. ನಿನ್ನ ಹೆರಿಗೆಗೆ ಹೋತನ್ನೇ ಹರಕೆ ಹೊತ್ತಿವ್ನಿ, ಕೊರಗ್ಬ್ಯಾಡ.

ಮುದ್ದೆ ಹಾಟ್‌ಬಾಕ್ಸಲ್ಲಿ ಐತೆ. ನಾನು ಬರೋಗಂಟ ಮುಂದಿನ ಕತೆ ಫೋನಲ್ಲಿ ನೋಡ್ಕಂಡು ಕೂತ್ಕಬ್ಯಾಡ.

ಚೊಂಬಲ್ಲಿ ಜೀರಿಗೆ ಕಷಾಯ ಐತೆ. ಸೀರಿಯಲ್ಲಲ್ಲಿ ದೊಡ್ಡರಾಣಿ ಕಿರಿರಾಣಿ ಕಷಾಯಕ್ಕೆ ವಿಷ ಹಾಕಿದಾಗಿಂದ ನಾನು ಕೊಟ್ಟಿದ್ದನ್ನೂ ನೀನು ಮೂಸಿ ನೋಡ್ತೀಯ, ನಂಗೆ ಗೊತ್ತು. ಅರ್ಧ ನಾನೇ ಕುಡ್ದಿವ್ನಿ. ಗುಡಿಗಂಟ ನಡ್ಕಂಡೋಗಿ ನೆಟ್ಟಗೆ ವಾಪಸ್ ಬಂದ್ರೆ, ಮಿಕ್ಕಿದ್ದು ನೀನು ಕುಡಿ.

ನಿಮ್ಮತ್ತೆ